ಆದಿತ್ಯವಾರ ಬಿಟ್ಟು ನಲವತ್ತು ದಿನ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದ ನಮ್ಮ ಬಿಲ್ಡಿಂಗಿನಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ಲೋಲಾಕ್ಷಿ ಆಂಟಿಯದು. ನಾನು ಮದುವೆಯಾಗಿ ಉಡುಪಿಯಿಂದ ಬಂದ ವಾರದಲ್ಲೇ ಅವರು ಬಾಗಿಲು ತಟ್ಟಿ, "ನೀವು ನಮ್ಮ ಊರಿನ ಕಡೆಯವರಂತೆ. ನೀರು ಬೆಳಿಗ್ಗೆ ಐದೂವರೆಗೆ ಬರುತ್ತದೆ, ಆರಕ್ಕೆ ನಿಲ್ಲುತ್ತದೆ. ಇದು ಮೊದಲು ಗೊತ್ತಿರಬೇಕು. ಉಳಿದದ್ದು ನಿಧಾನಕ್ಕೆ ಗೊತ್ತಾಗುತ್ತದೆ" ಎಂದು ತುಳುವಿನಲ್ಲಿ ಹೇಳಿ ಹೋಗಿದ್ದರು. ಆ ದಿನದ ಡೈರಿಯಲ್ಲಿ ನಾನು ಬರೆದದ್ದು ಅದೊಂದೇ ಸಾಲು: ನೀರು ಐದೂವರೆಗೆ.

ಆಂಟಿ ಮುಲ್ಕಿ ಕಡೆಯ ಪ್ರೊಟೆಸ್ಟಂಟ್ ಕ್ರೈಸ್ತರು. ಇಪ್ಪತ್ತೊಂಬತ್ತು ವರ್ಷ ಠಾಣೆಯ ವಾಗ್ಳೆ ಎಸ್ಟೇಟ್ ಎಂಬ ಕಾರ್ಖಾನೆ ಪ್ರದೇಶದ ಒಂದು ಔಷಧ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡಿದವರು. ಮಾತ್ರೆಯ ಪೆಟ್ಟಿಗೆಯೊಳಗೆ ಇರುತ್ತದಲ್ಲ, ಸಣ್ಣ ಅಕ್ಷರದ ಒಂದು ತೆಳು ಚೀಟಿ, ಅದನ್ನು ಎಂಟು ಮಡಿಕೆ ಮಡಿಸಿ ಒಳಗಿಡುವುದು ಅವರ ಕೆಲಸವಾಗಿತ್ತು. ಆಮೇಲೆ ಮೆಷಿನ್ ಬಂತು, ಆಂಟಿ ಮೆಷಿನ್ ನೋಡಿಕೊಂಡರು.

"ಅದನ್ನು ಯಾರಾದರೂ ಓದುತ್ತಾರಾ ಆಂಟಿ?" ಎಂದು ಒಮ್ಮೆ ಕೇಳಿದ್ದೆ.

"ಗುಣ ಆಗುತ್ತಿರುವವ ಓದುವುದಿಲ್ಲ. ಕಾಯಿಲೆ ಜಾಸ್ತಿ ಆದವ ರಾತ್ರಿ ಲೈಟ್ ಹಾಕಿ ಓದುತ್ತಾನೆ. ಅವನಿಗೋಸ್ಕರ ಎಲ್ಲ ಪೆಟ್ಟಿಗೆಯಲ್ಲಿಯೂ ಇಡಬೇಕು."

ಗಂಡ ವಸಂತಕುಮಾರ ತೀರಿಕೊಂಡ ವರ್ಷ, ೧೯೯೬ರಲ್ಲಿ, ಆಂಟಿ ಇನ್ನೊಂದು ಬಗೆಯ ಚೀಟಿ ಶುರು ಮಾಡಿದರು. ಅವರ ಕನ್ನಡ ಸಭೆ ಸೇರುವುದು ಠಾಣೆಯಲ್ಲಿ, ಒಂದು ಮರಾಠಿ ಚರ್ಚಿನ ಕಟ್ಟಡದಲ್ಲಿ, ಆದಿತ್ಯವಾರ ಮರಾಠಿಯವರ ಆರಾಧನೆ ಮುಗಿದ ಮೇಲೆ. ಅರವತ್ತು ಮನೆಯ ಜನ ಕಲ್ಯಾಣದಿಂದ, ಐರೋಳಿಯಿಂದ, ಕಳಂಬೋಲಿಯಿಂದ ಬಸ್ಸು, ಲೋಕಲ್ ಟ್ರೈನು ಬದಲಿಸಿ ಬರಬೇಕು. ವಾರದ ನಡುವೆ ಪ್ರಾರ್ಥನೆಗೆ ಕೂಡಲು ಸಾಧ್ಯವೇ ಇಲ್ಲ. ಹಾಗಾಗಿ ಈಸ್ಟರಿಗೆ ಮುಂಚಿನ ಲೆಂಟ್ ಎಂಬ ನಲವತ್ತು ದಿನದ ಉಪವಾಸ ಕಾಲಕ್ಕೆ ಆಂಟಿ ದಿನಕ್ಕೊಂದರಂತೆ ನಲವತ್ತು ಪುಟ ಬರೆದು, ಝೆರಾಕ್ಸ್ ಮಾಡಿಸಿ, ಮನೆಮನೆಗೆ ಹಂಚತೊಡಗಿದರು. ಪ್ರತಿ ಪುಟದಲ್ಲೂ ಬೈಬಲಿನ ಯಾವ ಭಾಗ ಓದಬೇಕು ಎಂಬುದು, ಮನಸ್ಸಿಗೆ ಹಾಕಿಕೊಳ್ಳಲು ಒಂದು ಪ್ರಶ್ನೆ, ಆ ದಿನ ಮಾಡಲು ಒಂದು ಕೆಲಸ. ಕೆಲಸಗಳೂ ಅವರಂತೆಯೇ ಇರುತ್ತಿದ್ದವು. "ಇವತ್ತು ಲೋಕಲಿನಲ್ಲಿ ಮೂವರ ಸೀಟಿಗೆ ಬಂದ ನಾಲ್ಕನೆಯವಳಿಗೆ, ಅವಳು ಕೇಳುವ ಮೊದಲೇ ಸರಿದು ಜಾಗ ಕೊಡಿ." "ನೀರು ಬಂದಾಗ ಪಕ್ಕದ ಮನೆಯವರನ್ನು ಎಬ್ಬಿಸಿ, ಅವರ ಮೇಲೆ ಸಿಟ್ಟಿದ್ದರೂ."

೨೦೧೧ರ ಜನವರಿಯಲ್ಲಿ ಅವರು ನಮ್ಮ ಮನೆಗೆ ಬಂದು ಕುಳಿತರು. ಮದುವೆಗೆ ಮುಂಚೆ ನಾನು ಉಡುಪಿಯ ಪ್ರೆಸ್ಸಿನಲ್ಲಿ ಕನ್ನಡ ಟೈಪಿಂಗ್ ಮಾಡುತ್ತಿದ್ದದ್ದು ಅವರಿಗೆ ಗೊತ್ತಿತ್ತು.

"ಈ ಸಲ ಟೈಪ್ ಮಾಡಿಸುವ ಅಂತ. ನಿನಗೆ ಸಮಯ ಉಂಟಾ ರಮಿತಾ?"

"ಮಧ್ಯಾಹ್ನ ಮಾನಸಿಯನ್ನು ಶಾಲೆಯಿಂದ ನೀವು ಕರೆತಂದರೆ ಉಂಟು."

"ಅದು ಆಯಿತು. ಮತ್ತೊಂದು ವಿಷಯ. ಇದು ಕಡೇ ವರ್ಷ ಆದರೂ ಆಗಬಹುದು."

ಸಭೆಯ ಕಾರ್ಯದರ್ಶಿ ದಯಾನಂದ ಅವರು ಮೀಟಿಂಗಿನಲ್ಲಿ ಹೇಳಿದ್ದರಂತೆ: ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಇಂಟರ್ನೆಟ್ಟಿನಲ್ಲಿ ಇಂಗ್ಲಿಷಿನ ಒಳ್ಳೊಳ್ಳೆಯ ಲೆಂಟ್ ಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಟೀಚರ್ (ಆಂಟಿಯನ್ನು ಸಭೆಯವರು ಕರೆಯುವುದು ಹಾಗೆ) ಕಷ್ಟಪಟ್ಟು ಬರೆದದ್ದನ್ನು ಮೂರು ಮನೆಯವರೂ ತೆರೆದು ನೋಡುವುದಿಲ್ಲ. ಅಯ್ಯನವರು, ಅಂದರೆ ಅವರ ಪಾದ್ರಿ, ನಡುವಿನ ದಾರಿ ಹಿಡಿದಿದ್ದರು. ಈ ವರ್ಷ ಕನ್ನಡದ್ದೇ ಇರಲಿ, ಓದುವವರು ಎಷ್ಟು ಮಂದಿ ಎಂದು ನೋಡಿ ಈಸ್ಟರ್ ಆದ ಮೇಲೆ ತೀರ್ಮಾನಿಸೋಣ ಎಂದಿದ್ದರು.

"ದಯಾನಂದ ಕೆಟ್ಟವ ಅಲ್ಲ," ಎಂದರು ಆಂಟಿ. "ನಾನೇ ಸಂಡೇ ಸ್ಕೂಲಿನಲ್ಲಿ ಕಲಿಸಿದ ಹುಡುಗ. ಆಗಲೂ ಬೇಗ ಮುಗಿಸಿ ಅಂತಲೇ ಹೇಳುತ್ತಿದ್ದ."

ಆಂಟಿ ಬಾಯಲ್ಲಿ ಹೇಳುವುದು, ನಾನು ಟೈಪ್ ಮಾಡುವುದು ಎಂದಾಯಿತು. ಕೈಬರಹ ಕೊಡಿ ಎಂದರೆ, "ಹೇಳುವಾಗ ಚೆನ್ನಾಗಿ ಬರುತ್ತದೆ" ಎನ್ನುತ್ತಿದ್ದರು. ಕೊತ್ತಂಬರಿಯನ್ನೂ ಮೆಂತ್ಯವನ್ನೂ ಮೂಸಿ ನೋಡಿ ಬೇರೆ ಮಾಡುವುದನ್ನು, ಚಹಾ ಬಗ್ಗಿಸುವಾಗ ಲೋಟದ ಅಂಚಿಗೆ ಬೆರಳಿಡುವುದನ್ನು ನಾನು ಕಂಡಿದ್ದೆ. ಕಂಡೂ ಕೇಳಲಿಲ್ಲ. ಕೇಳಬೇಕಿತ್ತು.

ಹನ್ನೆರಡನೆಯ ಪುಟದ ಪ್ರಶ್ನೆ ಟೈಪ್ ಮಾಡುವಾಗ ನನ್ನ ಕೈ ನಿಂತಿತ್ತು. "ಯಾರ ಫೋನ್ ಬಂದಾಗ ನೀವು ಕೆಲಸ ಇದೆ ಎಂದು ಸುಳ್ಳು ಹೇಳುತ್ತೀರಿ?" ಅತ್ತೆಯ ಮುಖ ಕಣ್ಣಮುಂದೆ ಬಂತು. ನಾವು ಹಿಂದೂಗಳು, ನನಗೆ ಲೆಂಟ್ ಇಲ್ಲ. ಆದರೂ ಆ ಸಂಜೆ ಅತ್ತೆಗೆ ನಾನೇ ಫೋನ್ ಮಾಡಿದೆ.

ಇಷ್ಟು ಒಳ್ಳೆಯ ಪುಟಗಳು ಇನ್ನಷ್ಟು ಅನುಕೂಲವಾಗಲಿ ಎಂದು ನಾನು ನನ್ನದೊಂದು ಸೇರಿಸಿದೆ. ಹಿಂದಿನ ವರ್ಷಗಳಲ್ಲಿ ಬರೀ ಒಂದು, ಎರಡು, ಮೂರು ಎಂದು ಅಂಕಿ ಇರುತ್ತಿತ್ತು. ನಾನು ಪ್ರತಿ ಪುಟದ ನೆತ್ತಿಗೆ ತಾರೀಕನ್ನೂ ಹಾಕಿದೆ. ಲೆಂಟಿನ ಮೊದಲ ದಿನವಾದ ಬೂದಿ ಬುಧವಾರ, ಮಾರ್ಚ್ ಒಂಬತ್ತರಿಂದ ಶುರು. ಅಲ್ಲಿಂದ ದಿನಕ್ಕೊಂದು. ಮುಗಿದ ಮೇಲೆ ನಲವತ್ತು ಪುಟವನ್ನೂ ಆಂಟಿಗೆ ಓದಿ ಹೇಳಿದೆ. ತಾರೀಕು ಮಾತ್ರ ಓದಲಿಲ್ಲ. ತಾರೀಕಿನಲ್ಲಿ ಓದುವಂಥದ್ದು ಏನಿರುತ್ತದೆ?

ಲೆಂಟಿನಲ್ಲಿ ಆಂಟಿ ಮೀನು ಬಿಡುತ್ತಿದ್ದರು. ಅವರಲ್ಲಿ ಅದು ಕಡ್ಡಾಯವಲ್ಲ, ಇವರಾಗಿ ಹಿಡಿದ ನೇಮ. "ನೀನು ಬಂಗುಡೆ ಕಾಯಿಸುವಾಗ ಬಾಗಿಲು ಹಾಕು ಮಾರಾಯ್ತಿ. ನನ್ನ ನೇಮ ನಿನ್ನ ಕಾವಲಿಯ ಮೇಲೆ ನಿಂತಿದೆ" ಎಂದು ವಾರಕ್ಕೊಮ್ಮೆಯಾದರೂ ಬೈಸಿಕೊಳ್ಳುತ್ತಿದ್ದೆ. ಆದರೆ ಆ ವರ್ಷ ಲೆಂಟಿನ ಮೊದಲ ಆದಿತ್ಯವಾರ ಅವರೇ ತಟ್ಟೆ ಹಿಡಿದುಕೊಂಡು ಬಂದರು.

"ಎರಡು ತುಂಡು ಹಾಕು."

"ನೇಮ, ಆಂಟಿ?"

"ಆದಿತ್ಯವಾರ ಲೆಕ್ಕಕ್ಕಿಲ್ಲ."

ವಯಸ್ಸಾದವರ ಆಸೆ, ನೆಪ ಹೇಳುತ್ತಿದ್ದಾರೆ ಎಂದುಕೊಂಡು ಮೂರು ತುಂಡು ಹಾಕಿದೆ. ಗಂಡ ರಂಜನ್ ಘೋಡಬಂದರ್ ರಸ್ತೆಯ ಹೋಟೆಲಿನ ಕೆಲಸ ಮುಗಿಸಿ ಬಂದಾಗ ಅದನ್ನೇ ಹೇಳಿ ಇಬ್ಬರೂ ನಕ್ಕೆವು.

ಏಪ್ರಿಲ್ ಹದಿನೈದು, ಶುಕ್ರವಾರ ಸಂಜೆ. ಮಾನಸಿಯನ್ನು ಕರೆದುಕೊಂಡು ಬರಲು ಆಂಟಿಯ ಮನೆಗೆ ಹೋಗಿದ್ದೆ. ಫೋನ್ ಬಂತು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಕ್ರೇನ್ ನಡೆಸುವ ಸೈದಪ್ಪ. ಕಲಬುರಗಿ ಕಡೆಯವರು, ಅವರ ಗಂಟಲು ರಿಸೀವರಿನಿಂದ ಇಡೀ ಕೋಣೆಗೆ ಕೇಳುತ್ತಿತ್ತು.

"ಟೀಚರ್‍ರಿ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಾಡದು ಗರಿ ಹಬ್ಬ ಐತಿ ಹೌದಿಲ್ಲೋ? ಯೇಸುಸ್ವಾಮಿ ಇನ್ನಾ ಕತ್ತೆ ಮ್ಯಾಲ ಕುಂತು ಯೆರೂಸಲೇಮಿಗೆ ಬಂದೇ ಇಲ್ಲ. ನಿಮ್ಮ ಪುಸ್ತಕದಾಗ ಇವತ್ತೇ ಸಿಪಾಯ್ರು ಹಿಡಕೊಂಡು ಹೋಗ್ಯಾರಲ್ರಿ."

ಆಂಟಿ ಮೊದಲು ನಕ್ಕರು. ಆಮೇಲೆ ನಗು ನಿಂತಿತು. ರಿಸೀವರ್ ಇಟ್ಟು, ಪುಸ್ತಕ ನನ್ನ ಕೈಗೆ ಕೊಟ್ಟು, "ಕಡೇ ಪುಟಕ್ಕೆ ಯಾವ ತಾರೀಕು ಹಾಕಿದ್ದಿ?" ಎಂದರು.

"ಏಪ್ರಿಲ್ ಹದಿನೇಳು."

"ಅದು ಗರಿ ಹಬ್ಬದ ಆದಿತ್ಯವಾರ, ಈಸ್ಟರಿಗೆ ಇನ್ನೂ ಒಂದು ವಾರ ಉಂಟು. ಕಡೇ ಪುಟ ಸ್ವಾಮಿಯನ್ನು ಸಮಾಧಿಯಲ್ಲಿ ಇಟ್ಟ ಶನಿವಾರದ್ದು. ಅದು ಇಪ್ಪತ್ತಮೂರಕ್ಕೆ ಬರಬೇಕು. ನೀನು ನಡುವಿನ ಆದಿತ್ಯವಾರ ಬಿಡಲಿಲ್ಲವಾ?"

"ಬಿಡಬೇಕಿತ್ತಾ? ನಾವು ನವರಾತ್ರಿಯಲ್ಲಿ ಆದಿತ್ಯವಾರ ಅಂತ ಒಂದು ದಿನ ಬಿಡುತ್ತೇವಾ ಆಂಟಿ?"

ಆಗ ಗೊತ್ತಾಯಿತು. ಅವರಿಗೆ ಪ್ರತಿ ಆದಿತ್ಯವಾರವೂ ಯೇಸು ಸಾವಿನಿಂದ ಎದ್ದ ಪುನರುತ್ಥಾನದ ದಿನ, ಅಂದು ಉಪವಾಸದ ಲೆಕ್ಕವಿಲ್ಲ. ಕ್ಯಾಲೆಂಡರಿನಲ್ಲಿ ನಲವತ್ತಾರು ದಿನ, ಆರು ಆದಿತ್ಯವಾರ ಕಳೆದು ನಲವತ್ತು. ಹಳಬರಿಗೆ ಹೇಳದೆಯೇ ಗೊತ್ತಿದ್ದದ್ದನ್ನು ನನ್ನ ತಾರೀಕುಗಳು ಕೆಡಿಸಿದ್ದವು. ಮಕ್ಕಳಿರುವ ಮನೆಗಳಲ್ಲಿ ತಾರೀಕು ನೋಡಿಯೇ ಓದಿದ್ದರು. ಲೆಂಟಿನ ಇಡೀ ಕಾಲ ಯಾವ ವಾರದ ಕಡೆಗೆ ನಡೆದು ಬರುತ್ತದೋ ಯೇಸುವಿನ ಶಿಲುಬೆಯ ಆ ಕಷ್ಟವಾರಕ್ಕೆ, ಸೋಮವಾರದಿಂದ ಶನಿವಾರದವರೆಗೆ, ಯಾರ ಕೈಯಲ್ಲೂ ಒಂದು ಪುಟ ಉಳಿಯುವುದಿಲ್ಲ.

ಬೀನ್ಸಿನ ನಾರು ತೆಗೆಯುತ್ತಿದ್ದ ಆಂಟಿ ಮತ್ತೆ ಬೀನ್ಸಿಗೆ ಕೈಹಾಕಿದರು. ನನ್ನನ್ನು ಬೈಯಲಿಲ್ಲ. "ದಯಾನಂದನಿಗೆ ಇನ್ನು ಎಂತ ಬೇಕು?" ಎಂದರು, ಅಷ್ಟೇ.

ಮತ್ತೆ ಫೋನ್. ಕಲ್ಯಾಣದ ವಿನೋದಾ. ಅವರ ಮಗ ಯತಿನನೇ ಮಾತಾಡಿದ. "ಟೀಚರ್, ಬುಕ್ ಸಂಡೇ ಕೋ ಖತಮ್ ಹೋ ರಹೀ ಹೈ. ಆಗೇ ಕಾ ಕಬ್ ಮಿಲೇಗಾ?" ಆದಿತ್ಯವಾರ ಪುಸ್ತಕ ಮುಗಿಯುತ್ತದೆ, ಮುಂದಿನದು ಯಾವಾಗ ಎಂದು ಅವನ ಹಿಂದಿ ಪ್ರಶ್ನೆ. ಹಿಂದೆಯೇ ವಿನೋದಾ, "ನಾನು ಓದಿ ಹೇಳುವುದು, ಅವನು ಕೆಲಸಕ್ಕೆ ಟಿಕ್ ಹಾಕುವುದು ಆಂಟಿ. ಒಂದೂ ಬಿಟ್ಟಿಲ್ಲ. ಈಗ ಎಂತ ಮಾಡುವುದು?"

ಆಮೇಲೆ ಐರೋಳಿಯಿಂದ. ಆಮೇಲೆ ಠಾಣೆಯಿಂದ ಇಬ್ಬರು. ಒಂದೊಂದು ಸಲ ಫೋನ್ ಬಡಿದಾಗಲೂ ಆಂಟಿಯ ಭುಜ ಸಣ್ಣಗೆ ಕುಗ್ಗುತ್ತಿತ್ತು. ನನಗೆ ಅಳು ಬರುವಂತಾಗಿತ್ತು. ಅತ್ತರೆ ಕೆಲಸ ಆಗುವುದಿಲ್ಲವೆಂದು ಡೈರಿ ತಂದು, ಫೋನ್ ಮಾಡಿದವರ ಹೆಸರು, ಊರು ಬರೆದುಕೊಳ್ಳತೊಡಗಿದೆ. ತಿದ್ದಿದ್ದನ್ನು ಇವರಿಗೆಲ್ಲ ತಿಳಿಸಬೇಕಲ್ಲ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಪುಟ ತುಂಬಿತ್ತು.

"ಎಷ್ಟಾಯಿತು?" ಎಂದು ಕೇಳಿದರು ಆಂಟಿ.

"ಇಪ್ಪತ್ತಮೂರು ಮನೆ."

"ಹೆಸರು ಓದು."

ಓದಿದೆ. ಒಂದೊಂದು ಹೆಸರಿಗೂ ಅವರು ತಲೆಯಾಡಿಸಿದರು. ಸೈದಪ್ಪ. ವಿನೋದಾ. ಮೂರು ವರ್ಷದಿಂದ ಚರ್ಚಿಗೇ ಬಾರದ ಒಬ್ಬರ ಹೆಸರು ಬಂದಾಗ, "ಅವಳಾ? ಅವಳಿಗೆ ಪುಸ್ತಕ ಯಾರು ಕೊಟ್ಟರು?" ಎಂದರು. ಪಟ್ಟಿ ಮುಗಿಯಿತು.

"ರಮಿತಾ, ಇವರೆಲ್ಲ ಚೀಟಿ ಓದಿದ್ದಾರೆ."

ಅವರಿಗೆ ಕಾಣದಂತೆ ನಾನು ಮುಖ ತಿರುಗಿಸಬೇಕಾಗಿರಲಿಲ್ಲ. ಅವರಿಗೆ ಹೇಗೂ ಕಾಣುತ್ತಿರಲಿಲ್ಲ. ಆದರೂ ತಿರುಗಿಸಿದೆ.

ಇವತ್ತೇ ಆರು ಹೊಸ ಪುಟ ಟೈಪ್ ಮಾಡಿಕೊಡುತ್ತೇನೆ, ನೀವು ಹೇಳಿ ಎಂದೆ. ಆಂಟಿ ಬೇಡವೆಂದರು. "ಆ ಕಡೇ ಆರು ಪುಟವನ್ನೇ ಸೋಮವಾರದಿಂದ ಮತ್ತೊಮ್ಮೆ ಓದಲಿ. ಮೊದಲ ಸಲ ಪ್ರಶ್ನೆ ನಾನು ಕೇಳಿದೆ. ಈ ಸಲ ಅವರು ಬರೆಯಲಿ. ಯಾವ ಭಾಷೆಯಲ್ಲಿ ಬೇಕಾದರೂ." ಒಂದೇ ಹಾಳೆ ಸಾಕು, ದಿನಕ್ಕೆ ನಾಲ್ಕು ಖಾಲಿ ಗೆರೆ. ಕೆಳಗೆ ನಾನು, ತಾರೀಕು ತಪ್ಪಾದದ್ದು ಟೈಪ್ ಮಾಡಿದವಳಿಂದ ಎಂದು ಸೇರಿಸಿ ಓದಿದೆ.

"ಅಳಿಸು. ನನ್ನ ಹೆಸರು ಹಾಕು."

"ತಪ್ಪು ನನ್ನದಲ್ಲವಾ ಆಂಟಿ?"

"ನಿನಗೆ ಗೊತ್ತಿರಲಿಲ್ಲ. ನನಗೆ ಕಣ್ಣು ಕಾಣುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು. ಎರಡು ವರ್ಷದಿಂದ ಪೊರೆ ಉಂಟು. ಹೇಳಿದರೆ ಸಂಡೇ ಸ್ಕೂಲ್ ಬೇಡ, ಪುಸ್ತಕ ಬೇಡ, ಕೂತುಕೊಳ್ಳಿ ಟೀಚರ್ ಅನ್ನುತ್ತಾರೆ ಅಂತ ಬಾಯಿ ಮುಚ್ಚಿಕೊಂಡೆ. ಹನ್ನೆರಡನೇ ಪುಟದಲ್ಲಿ ಊರಿಗೆಲ್ಲ ಸುಳ್ಳಿನ ಪ್ರಶ್ನೆ ಕೇಳಿದವಳು ನಾನೇ."

ಗರಿ ಹಬ್ಬದ ದಿನ ಅವರ ಜತೆ ನಾನೂ ಮಾನಸಿಯೂ ಠಾಣೆಗೆ ಹೋದೆವು. ಹಾಳೆಯ ಕಟ್ಟು ನನ್ನ ಚೀಲದಲ್ಲಿತ್ತು. ಮಕ್ಕಳು ತೆಂಗಿನ ಗರಿ ಹಿಡಿದು ಒಂದು ಸುತ್ತು ಬಂದು ಕುಳಿತ ಮೇಲೆ ಆಂಟಿ ಎದ್ದು ನಿಂತು, ನನಗೆ ಹೇಳಿದ್ದನ್ನೇ ಸಭೆಗೂ ಹೇಳಿದರು. ಪೊರೆಯ ವಿಷಯವನ್ನೂ ಬಿಡಲಿಲ್ಲ. ಹಿಂದಿನ ಬೆಂಚಿನಿಂದ ಸೈದಪ್ಪ, "ಟೀಚರ್‍ರಿ, ಹಾಳಿ ಇತ್ತ ಎರಡು ಕೊಡ್ರಿ, ನನ್ನ ಅಕ್ಷರ ದಪ್ಪ ಅದಾವು" ಎಂದಾಗ ಎಲ್ಲರೂ ನಕ್ಕರು.

ಹೊರಗೆ ಮೆಟ್ಟಿಲ ಬಳಿ ದಯಾನಂದ ಬಂದರು. ಜತೆಗೆ ಮಗಳು ದಿಶಾ, ಹತ್ತು ವರ್ಷದವಳು.

"ಟೀಚರ್, ಮೂರು ಮನೆ ಅಂದಿದ್ದು ನಾನು ಸುಮ್ಮನೆ ಅಂದಾಜಿನಲ್ಲಿ. ಇವಳು ಮೊನ್ನೆಯಿಂದ ನಿಮಗೆ ಫೋನ್ ಮಾಡಿ ಕೇಳು ಅಂತ ಜೀವ ತಿನ್ನುತ್ತಿದ್ದಾಳೆ. ನನಗೆ ನಾಚಿಕೆಯಾಗಿ ಮಾಡಲಿಲ್ಲ."

"ಹಾಗಾದರೆ ಇಪ್ಪತ್ತನಾಲ್ಕು," ಎಂದರು ಆಂಟಿ. "ರಮಿತಾ, ಬರೆದುಕೋ."

ಈಸ್ಟರ್ ದಿನ ಹಾಳೆಗಳು ಹಿಂದೆ ಬಂದವು, ಮೂವತ್ತೊಂದು. ಸಂಜೆ ನಾನು ಒಂದೊಂದಾಗಿ ಓದಿ ಹೇಳಿದೆ. ಹಿಂದಿ, ಮರಾಠಿ, ಇಂಗ್ಲಿಷ್, ಸೈದಪ್ಪನವರ ದಪ್ಪ ಕನ್ನಡ. ದಿಶಾ ಬರೆದದ್ದು ಕನ್ನಡವೇ, ಅಕ್ಷರ ಮಾತ್ರ ದೇವನಾಗರಿ: "ಶನಿವಾರ ಏನೂ ಆಗಲಿಲ್ಲ. ಅಪ್ಪ ನಾನು ಸುಮ್ಮನೆ ಕೂತೆವು. ಅದು ಒಳ್ಳೆದಿತ್ತು." ಆಂಟಿ ಅದನ್ನು ಎರಡು ಸಲ ಓದಿಸಿದರು.

ಮುಂದಿನ ಮೀಟಿಂಗಿನಲ್ಲಿ ಕನ್ನಡ ಪುಸ್ತಕ ಉಳಿಯಬೇಕೆಂದು ದಯಾನಂದ ಅವರೇ ಹೇಳಿದರಂತೆ. ಎದುರು ಪುಟದಲ್ಲಿ ಅದೇ ಕನ್ನಡ ಮಾತು ದೇವನಾಗರಿ ಅಕ್ಷರದಲ್ಲಿ, ಮಕ್ಕಳೇ ಓದಿಕೊಳ್ಳುವಂತೆ. ಮೇ ತಿಂಗಳಲ್ಲಿ ಆಂಟಿಯ ಒಂದು ಕಣ್ಣಿನ, ಮಳೆಗಾಲ ಮುಗಿದ ಮೇಲೆ ಇನ್ನೊಂದರ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ನನ್ನನ್ನು ನೋಡಿ, "ನೀನು ಇಷ್ಟು ಸಪೂರ ಆಗಿದ್ದಿ ಅಂತ ಗೊತ್ತಿರಲಿಲ್ಲ, ಊಟ ಮಾಡು" ಎಂದರು.

೨೦೧೨ರ ಪುಸ್ತಕದ ತಾರೀಕುಗಳನ್ನು ಅವರೇ ಬೆರಳಿಟ್ಟು, ಮೊದಲಿನಿಂದ ಕಡೆಯವರೆಗೆ ಓದಿದರು. ಆರು ಆದಿತ್ಯವಾರಗಳ ಜಾಗದಲ್ಲಿ ನಾನು ಪುಟ ಹಾಕಿರಲಿಲ್ಲ. ಬೂದಿ ಬುಧವಾರದ ನಂತರದ ಮೊದಲ ಆದಿತ್ಯವಾರ ಮಾರ್ಕೆಟ್ಟಿನಿಂದ ಬಂಗುಡೆ ತಂದು, ಬಾಗಿಲು ತೆರೆದಿಟ್ಟೇ ಕಾಯಿಸಿದೆ. ತಟ್ಟೆ ಹಿಡಿದುಕೊಂಡು ಆಂಟಿ ಬರುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.