ತಗಡಿನ ಶೆಡ್ಡಿನಲ್ಲಿ ಹಿಂದಕ್ಕೆ ತಿರುಗಿದ ಗಾಲಿ

ಅದು 1951ರ ಬೇಸಿಗೆ. ಆಗ ನನಗೆ ಇಪ್ಪತ್ತಾರು ವರ್ಷ, ಗಂಡ ತೀರಿಕೊಂಡು ಐದು ವರ್ಷಗಳಾಗಿದ್ದವು. ಸಿರುಗುಪ್ಪದಲ್ಲಿ ನಮ್ಮದೊಂದು ಅಕ್ಕಿ ಗಿರಣಿ, ಅದರ ಹಿಂದೆಯೇ ಮನೆ. ಮನೆಯಲ್ಲಿ ನಮ್ಮ ಅತ್ತೆ ಮತ್ತು ನಾನು, ಇಬ್ಬರೇ.

ನಮ್ಮವರಿಗೆ ಕಾರೆಂದರೆ ಜೀವ. ಯುದ್ಧಕ್ಕೆ ಮುಂಚೆ ಅವರು ಮದರಾಸಿನಿಂದ ಅಮೆರಿಕದ ಒಂದು ದೊಡ್ಡ ಹಳೆಯ ಕಾರು ತಂದಿದ್ದರು. ಪೆಟ್ರೋಲು ಸಿಗದ ಕಾಲದಲ್ಲಿ ಅದರ ಬೆನ್ನಿಗೆ ಇದ್ದಿಲಿನ ಗ್ಯಾಸಿನ ಒಲೆ ಕಟ್ಟಿಸಿ ಓಡಿಸಿದರೇ ಹೊರತು ಮಾರಲಿಲ್ಲ. 1946ರಲ್ಲಿ ನಾನು ತಂಗಿಯ ಮದುವೆಗೆಂದು ಕುರುಗೋಡಿಗೆ, ನನ್ನ ತವರಿಗೆ ಹೋಗಿದ್ದೆ. ಮದುವೆ ಮುಗಿದ ಮೇಲೆ ಕರೆದೊಯ್ಯಲು ಬಂದರು. ಇನ್ನೆರಡು ದಿನ ಇರುತ್ತೇನೆ ಎಂದೆ. ಸಿರುಗುಪ್ಪದಲ್ಲಿ ಅವ್ವ ಒಬ್ಬಳೇ ಇದ್ದಾಳೆ, ಈಗಲೇ ಹೊರಡು ಎಂದರು. ಮಾತಿಗೆ ಮಾತು ಬೆಳೆಯಿತು. “ಹಂಗಾದ್ರ ನೀವ ಹೋಗ್ರಿ” ಅಂದುಬಿಟ್ಟೆ. ಊಟ ಮಾಡದೆ ಹೊರಟರು. ಊರು ದಾಟಿದ ಮೇಲೆ ಗುಡ್ಡದ ತಿರುವಿನಲ್ಲಿ ಕಾರು ಮಗುಚಿ ಬಿತ್ತು. ಜನ ಓಡಿಹೋಗಿ ನೋಡುವಷ್ಟರಲ್ಲಿ ಪ್ರಾಣ ಹೋಗಿತ್ತು.

ಮಣ್ಣಾದ ನಾಲ್ಕನೆಯ ದಿನ ಕಾರು ಸಿರುಗುಪ್ಪಕ್ಕೆ ಬಂತು. ಅದರ ಹಿಂಭಾಗವನ್ನು ಎತ್ತಿನ ಬಂಡಿಯ ಮೇಲೇರಿಸಿ ಹಗ್ಗದಿಂದ ಬಿಗಿದಿದ್ದರು. ಗಿರಣಿಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಇಳಿಸಿ ಕದ ಹಾಕಿದರು. ಆ ಮೇಲೆ ಯಾರೂ ಅದರ ಹತ್ತಿರ ಹೋಗಲಿಲ್ಲ.

ಹೆಂಡತಿಯ ಮೇಲಿನ ಸಿಟ್ಟಿನಲ್ಲಿ ಜೋರಾಗಿ ಓಡಿಸಿದ, ಸತ್ತ ಎಂದು ಊರು ಮಾತಾಡಿತು. ಅತ್ತೆ ನನ್ನ ಮುಖಕ್ಕೆ ಆ ಮಾತು ಎಂದೂ ಹೇಳಲಿಲ್ಲ. ಆದರೆ ಕಟ್ಟೆಯ ಮೇಲೆ ಕೂತು ಓಣಿಯ ಹೆಂಗಸರ ಮುಂದೆ ಹೇಳುತ್ತಿದ್ದರು, ಒಳಗೆ ಅಕ್ಕಿ ಆರಿಸುತ್ತಿದ್ದ ನನಗೆ ಕೇಳುತ್ತಿತ್ತು. ನಾನೂ ಅದನ್ನು ನಂಬಿದ್ದೆ. ಯಾಕೆಂದರೆ ಇನ್ನೊಂದು ವಿಷಯವಿತ್ತು, ಯಾರಿಗೂ ಹೇಳಿರಲಿಲ್ಲ. ದಿನಾ ಸಂಜೆ, ಗಿರಣಿ ನಿಂತು ಓಣಿಯಲ್ಲಿ ಸದ್ದಡಗಿದ ಹೊತ್ತಿಗೆ, ಆ ಶೆಡ್ಡಿನೊಳಗೆ ಒಮ್ಮೆ ‘ಕಟ್’ ಎಂದು ಶಬ್ದವಾಗುತ್ತಿತ್ತು. ಒಂದೇ ಸಲ. ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ. ಅದು ನನಗಾಗಿಯೇ ಬರುವ ಶಬ್ದ ಎಂದುಕೊಂಡಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಬಳ್ಳಾರಿಯಿಂದ ಇಬ್ಬರು ಬಂದರು. ಒಬ್ಬ ಅಲ್ಲಿನ ಸತ್ಯನಾರಾಯಣಪೇಟೆಯ ಹತ್ತಿ ವ್ಯಾಪಾರಿಯ ಮಗ ರಾಜಶೇಖರ, ನನ್ನ ವಯಸ್ಸಿನವನೇ. ಇನ್ನೊಬ್ಬರು ಅವನ ಮೋಟಾರು ಮಿಸ್ತ್ರಿ ಖಾದರ್ ಸಾಬರು, ಅರವತ್ತರ ಹತ್ತಿರದವರು. ರಾಜಶೇಖರ ಒಂದು ರೇಸಿನ ಕಾರು ಕಟ್ಟುತ್ತಿದ್ದ. ಸಣ್ಣ ಇಂಗ್ಲಿಷ್ ಕಾರೊಂದಕ್ಕೆ ಮಿಲಿಟರಿ ಹರಾಜಿನಲ್ಲಿ ಕೊಂಡ ಎಂಟು ಸಿಲಿಂಡರಿನ ಎಂಜಿನ್ನು ಕೂರಿಸಿದ್ದ. ಎಂಜಿನ್ನಿಗೆ ರಾಕ್ಷಸ ಬಲ. ಆದರೆ ಆ ಬಲವನ್ನು ಎರಡೂ ಹಿಂದಿನ ಗಾಲಿಗಳಿಗೆ ಹಂಚುವ ಹಲ್ಲುಚಕ್ರಗಳ ಗುಂಡು, ಡಿಫರೆನ್ಷಿಯಲ್ ಅನ್ನುತ್ತಾರಲ್ಲ, ಅದು ಸಣ್ಣ ಕಾರಿನದೇ ಉಳಿದಿತ್ತು. ಎರಡು ಸಲ ಹಲ್ಲು ಉದುರಿಸಿಕೊಂಡಿತ್ತು. ಲಾರಿಯದು ಹಾಕಿದರೆ ಗಟ್ಟಿ ಹೌದು, ಆದರೆ ಭಾರ ಹೆಚ್ಚು, ಕಾರು ಓಡುವುದೇ ಇಲ್ಲವಂತೆ. ಹೀಗಾಗಿ ದೊಡ್ಡ ಅಮೆರಿಕನ್ ಕಾರಿನ ಡಿಫರೆನ್ಷಿಯಲ್ಲೇ ಬೇಕು ಎಂದು ಹುಡುಕುತ್ತ, ನಮ್ಮ ಶೆಡ್ಡಿನ ಸುದ್ದಿ ತಿಳಿದು ಬಂದಿದ್ದರು. ಹದಿನೈದು ದಿನದಲ್ಲಿ ಮದರಾಸಿನ ಕಡೆ ರೇಸು.

 ಅತ್ತೆ ಸೊಂಟದ ಕೀಲಿಕೈ ತೆಗೆದು ತಾವೇ ಮುಂದೆ ನಡೆದರು. ನಾನು ಹಿಂದೆ ಹೋಗಿ ಕದದ ಮರೆಯಲ್ಲಿ ನಿಂತೆ.

ಒಳಗೆ ಬೆಂಕಿಯಂಥ ಸೆಕೆ. ಖಾದರ್ ಸಾಬರು ಜಾಕಿ ಕೊಟ್ಟು ಹಿಂದಿನ ಎರಡೂ ಗಾಲಿಗಳನ್ನು ನೆಲದಿಂದ ಎತ್ತಿದರು. ತಾವೊಂದು ಗಾಲಿ, ರಾಜಶೇಖರ ಇನ್ನೊಂದು ಗಾಲಿ ಹಿಡಿದು ಒಟ್ಟಿಗೆ ಮುಂದಕ್ಕೆ ತಿರುಗಿಸಲು ನೋಡಿದರು. ಕೂದಲೆಳೆಯಷ್ಟೂ ಅಲುಗಲಿಲ್ಲ. ಗೇರಿನಲ್ಲೇನಾದರೂ ಇದೆಯೇ ನೋಡು ಎಂದರು. ರಾಜಶೇಖರ ಗಾಲಿ ಬಿಟ್ಟು ಒಳಗೆ ಹತ್ತಿ ನೋಡಿ, ಇಲ್ಲ ಎಂದ. ಖಾದರ್ ಸಾಬರು ತಮ್ಮ ಕಡೆಯ ಗಾಲಿಯನ್ನಷ್ಟೇ ಮುಂದಕ್ಕೆ ನೂಕಿದರು. ಅದು ತಿರುಗಿತು. ಅದೇ ಕ್ಷಣ ಆಚೆ ಬದಿಯಲ್ಲಿ, ಅತ್ತೆ ನಿಂತಿದ್ದ ಕಡೆ, ಯಾರೂ ಮುಟ್ಟದ ಗಾಲಿ ಮೆಲ್ಲಗೆ ಹಿಂದಕ್ಕೆ ತಿರುಗತೊಡಗಿತು.

ಐದು ವರ್ಷದ ಧೂಳು ಅದರಿಂದ ಜರಿದು ಬೀಳುತ್ತಿತ್ತು.  ಅತ್ತೆ ಕೂಗಲಿಲ್ಲ, ಓಡಲಿಲ್ಲ. ಮಗನ ತಲೆ ನೇವರಿಸುವವರ ಹಾಗೆ ಕೈ ಚಾಚಿ ಟೈರಿನ ಮೇಲೆ ಇಟ್ಟು ಒತ್ತಿ ಹಿಡಿದರು. ಈಚೆ ಖಾದರ್ ಸಾಬರ ಕೈಯಲ್ಲಿದ್ದ ಗಾಲಿ ನಿಂತುಬಿಟ್ಟಿತು.

“ಆ ಕಡಿ ಯಾರ ಹಿಡದಾರ?” ಎಂದರು ಅವರು, ನೆಲದಿಂದ ತಲೆ ಎತ್ತದೆ.

 ಅವರು ಎದ್ದು ಬಂದು ನೋಡಿ, ಅತ್ತೆಗೆ ಸಮಾಧಾನವಾಗಿ ವಿವರಿಸಿದರು. ಎರಡೂ ಗಾಲಿ ಎತ್ತಿದಾಗ ನಡುವಿನ ದೊಡ್ಡ ಹಲ್ಲುಚಕ್ರ ಅಲುಗದೆ ಇದ್ದರೆ, ಒಂದು ಗಾಲಿ ಮುಂದಕ್ಕೆ ಹೋದರೆ ಇನ್ನೊಂದು ಹಿಂದಕ್ಕೆ ಬರುತ್ತದಂತೆ. ಅದು ಡಿಫರೆನ್ಷಿಯಲ್ಲಿನ ಗುಣ, ಹೆದರಬೇಡಿ ಎಂದರು. ಆದರೆ ಆ ದೊಡ್ಡ ಚಕ್ರ ಯಾಕೆ ಅಲುಗುತ್ತಿಲ್ಲ ಎಂಬುದು ಅವರಿಗೇ ತಿಳಿದಿರಲಿಲ್ಲ.

ಪಾನಾ ಹಾಕಿ ಡಿಫರೆನ್ಷಿಯಲ್ಲಿನ ಮುಚ್ಚಳ ಬಿಚ್ಚಿದರು. ಕೆಸರಿನಂಥ ಕಪ್ಪು ಎಣ್ಣೆ ಸುರಿಯಿತು. ಬಟ್ಟೆಯಿಂದ ಒರೆಸಿ, ದೊಡ್ಡ ಚಕ್ರವೂ ಅದನ್ನು ತಿರುಗಿಸುವ ಚಿಕ್ಕ ಚಕ್ರವೂ ಕೂಡುವ ಜಾಗಕ್ಕೆ ಬೆರಳಿಟ್ಟರು. ಅಲ್ಲಿ ಹುಣಸೆಬೀಜದಷ್ಟು ಉಕ್ಕಿನ ಚೂರು ಸಿಕ್ಕಿಕೊಂಡಿತ್ತು. ಒಳಗಿನ ಪುಟ್ಟ ಚಕ್ರವೊಂದರ ಹಲ್ಲು ಮುರಿದು ಬಂದು ಅಲ್ಲಿ ಕಚ್ಚಿಕೊಂಡಿತ್ತು.

ಕಾರು ಬಿದ್ದ ಹೊಡೆತಕ್ಕೆ ಮುರಿದಿರಬಹುದು ಎಂದ ರಾಜಶೇಖರ. ಖಾದರ್ ಸಾಬರು ಎರಡೂ ಟೈರುಗಳನ್ನು ಸುತ್ತಲೂ ಸವರಿದರು. ಎರಡರಲ್ಲೂ ಒಂದೊಂದು ಕಡೆ ಅಂಗೈಯಗಲ ರಬ್ಬರು ಸವೆದು ಒಳಗಿನ ದಾರ ಕಾಣುತ್ತಿತ್ತು. ನಿಂತು ಹಾಳಾದ ರಬ್ಬರಲ್ಲ ಇದು, ರಸ್ತೆಗೆ ತಿಕ್ಕಿ ಹೋದದ್ದು ಎಂದರು. ಎತ್ತು ಕಟ್ಟಿ ದರದರ ಎಳೆದು ತಂದಾಗ ಹಾಗಾಗಿರಬೇಕು ಎಂದ ರಾಜಶೇಖರ.

ಪರಗಂಡಸರ ಮುಂದೆ ಬಾಯಿ ಬಿಟ್ಟವಳಲ್ಲ ನಾನು. ಆ ದಿನ ಅದು ಹೇಗೆ ಕದದ ಮರೆಯಿಂದ ಈಚೆ ಬಂದೆನೋ. “ಎಳದಿಲ್ಲರೀ. ಹಿಂದಿನ ಗಾಲಿ ಬಂಡಿ ಮ್ಯಾಲ ಇದ್ದವು. ನಾನ ನೋಡೀನಿ” ಎಂದೆ.

ಖಾದರ್ ಸಾಬರು ನನ್ನ ಕಡೆ, ಆಮೇಲೆ ಅತ್ತೆಯ ಕಡೆ ನೋಡಿದರು. “ಹಂಗಾದ್ರ ಗಾಡಿ ಓಡೋವಾಗನ ಗಾಲಿ ಬಿಗದಾವ್ರಿ ತಾಯಿ. ಆಮ್ಯಾಲ ಬಿದ್ದೈತಿ. ಅಂಥಾ ಹೊತ್ತಿನ್ಯಾಗ ಸ್ಟೇರಿಂಗ್ ಹಿಡದವ್ರ ಕೈಯಾಗ ಏನೂ ಇರೂದಿಲ್ಲ. ಗಾಡಿ ಹೊಡದವ್ರ ತಪ್ಪಲ್ಲ ಇದು.”

ನಾನು ಗೋಡೆಗೆ ಒರಗಿ ಕೂತೆ. ಅತ್ತೆ ಇನ್ನೂ ಟೈರಿನ ಮೇಲಿನ ಕೈ ತೆಗೆದಿರಲಿಲ್ಲ.

ರಾಜಶೇಖರನ ಆತುರ ಬೇರೆ. ಕೆಟ್ಟದ್ದು ಪುಟ್ಟ ಚಕ್ರ ತಾನೇ, ಅದನ್ನು ಬದಲಿಸೋಣ, ದೊಡ್ಡ ಚಕ್ರದ ಹಲ್ಲುಗಳು ಹೊಸದರಂತಿವೆ, ಇಂಥದ್ದು ಬಳ್ಳಾರಿಯಲ್ಲಿ ಎಲ್ಲಿ ಸಿಗುತ್ತದೆ ಎಂದು ಪಟ್ಟು ಹಿಡಿದ. ಖಾದರ್ ಸಾಬರು ವಾದಿಸಲಿಲ್ಲ. ದೊಡ್ಡ ಚಕ್ರವನ್ನು ಬಿಚ್ಚಿ ತೆಗೆದು, ನನ್ನಿಂದ ಚಿಮಣಿಎಣ್ಣೆ ತರಿಸಿ ತೊಳೆದು, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿದರು. ಜೇಬಿನಲ್ಲಿದ್ದ ಸೀಮೆಸುಣ್ಣವನ್ನು ಪುಡಿಮಾಡಿ ಅದರ ಮೇಲೆಲ್ಲ ಬಳಿದರು. ಚಕ್ರ ವಿಭೂತಿ ಹಚ್ಚಿದಂತೆ ಬೆಳ್ಳಗಾಯಿತು. “ಈಗ ಸುಮ್ಮನ ನೋಡ್ರಿ” ಎಂದರು.

ನಾಲ್ವರೂ ನೋಡುತ್ತ ಕೂತೆವು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ಹಲ್ಲಿನ ಬುಡದಲ್ಲಿ, ಯಾರೋ ಕಾಣದ ಕೈಯಿಂದ ಬರೆಯುತ್ತಿರುವ ಹಾಗೆ, ಕೂದಲಿನಷ್ಟು ತೆಳ್ಳಗಿನ ಕಪ್ಪು ಗೆರೆ ಮೂಡಿತು. ಹಾಗೇ ಬೆಳೆಯುತ್ತ ಬೆಳೆಯುತ್ತ ಪಕ್ಕದ ಹಲ್ಲಿನ ಬುಡಕ್ಕೆ ಮುಟ್ಟಿತು. ಸೀಳಿನಲ್ಲಿ ಅಡಗಿದ್ದ ಎಣ್ಣೆ ಸುಣ್ಣಕ್ಕೆ ಏರಿದ್ದು ಅದು ಎಂದು ಅವರು ಹೇಳಿದರು.  ಅಷ್ಟು ಸೆಕೆಯಲ್ಲೂ ರಾಜಶೇಖರ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದ.

“ನನ್ನ ಮಗನ್ನ ಉರುಳಿಸಿದ್ದು ಇನ್ನೊಬ್ಬಾಕಿ ಮಗನ ಗಾಡಿಗೆ ಬ್ಯಾಡಪ್ಪ” ಎಂದರು ಅತ್ತೆ. ಅಂದು ಶೆಡ್ಡಿನಲ್ಲಿ ಅವರು ಆಡಿದ ಮಾತು ಅದೊಂದೇ.

ಬಳ್ಳಾರಿಯವರಿಬ್ಬರೂ ಬರಿಗೈಯಲ್ಲಿ ಹೋದರು. ಸಂಜೆ ಗಿರಣಿ ನಿಂತಿತು. ಅತ್ತೆ ಕಟ್ಟೆಯ ಮೇಲೆ, ನಾನು ಒಳಗೆ ದೀಪದ ಬತ್ತಿ ಸರಿಮಾಡುತ್ತ. ಆ ಶಬ್ದ ಬರುವ ಹೊತ್ತಾಯಿತು ಎಂದು ಕಿವಿಗೊಟ್ಟಿದ್ದೆ. ಹೊತ್ತು ಮೀರಿತು. ಆಗ ಅತ್ತೆ, ತಿರುಗಿ ನೋಡದೆಯೇ, “ಇವತ್ತು ಅನಲಿಲ್ಲ, ನೋಡು” ಎಂದರು.

“ಏನತ್ತಿ?”

“ಆ ಕಟ್ ಅನ್ನೂದು.”

ಬತ್ತಿ ನನ್ನ ಕೈಯಿಂದ ಬಿತ್ತು. ಮುಂದೆಯೂ ಆ ಶಬ್ದ ಬರಲಿಲ್ಲ.

ಅತ್ತೆ ನನ್ನ ಕ್ಷಮೆ ಕೇಳಲಿಲ್ಲ, ಅವರ ಸ್ವಭಾವವೇ ಅದಲ್ಲ. ಮರುದಿನ ಓಣಿಯ ಹೆಂಗಸರ ಮುಂದೆ, ನಮ್ಮ ಹುಡುಗನ ಗಾಡಿ ಕೆಟ್ಟಿತ್ತಂತೆ, ಪಾಪ ಈಕೀದೇನೈತಿ ಎಂದು ದೊಡ್ಡ ದನಿಯಲ್ಲಿ ಹೇಳಿದರು. ನನಗೆ ಅಷ್ಟು ಸಾಕಾಗಿತ್ತು.

ಒಂದು ತಿಂಗಳ ಮೇಲೆ ರಾಜಶೇಖರನಿಂದ ಕಾಗದ ಬಂತು. ಮಿಲಿಟರಿ ಸಾಮಾನಿನ ರಾಶಿಯಲ್ಲಿ ಮೂರು ಡಿಫರೆನ್ಷಿಯಲ್ ಹುಡುಕಿ ತೆಗೆದರಂತೆ. ಖಾದರ್ ಸಾಬರು ಮೂರಕ್ಕೂ ಸುಣ್ಣ ಬಳಿದು ಕಾದರಂತೆ. ಎರಡರಲ್ಲಿ ಗೆರೆ ಮೂಡಿತು, ಒಂದು ಬೆಳ್ಳಗೇ ಉಳಿಯಿತು. ಸಣ್ಣ ಮಿಲಿಟರಿ ವ್ಯಾನಿನ ಆ ಡಿಫರೆನ್ಷಿಯಲ್ಲನ್ನೇ ಹಾಕಿ ರೇಸಿಗೆ ಹೋದರು. ಗೆಲ್ಲಲಿಲ್ಲ, ಆದರೆ ಕೊನೆಯ ಸುತ್ತಿನವರೆಗೂ ಕಾರು ಓಡಿತು ಎಂದು ಬರೆದಿದ್ದ. ಅತ್ತೆ ಅದನ್ನು ನನ್ನಿಂದ ಎರಡು ಸಲ ಓದಿಸಿದರು.

ನಾನು ದೆವ್ವ ಭೂತ ನಂಬುವವಳಲ್ಲ. ಬಿಸಿಲಿಗೆ ಕಾದ ತಗಡು ಸಂಜೆ ತಣಿಯುವಾಗ ಸದ್ದು ಮಾಡುತ್ತದೆ ಎಂದು ಆಮೇಲೆ ಓದಿದವರು ಹೇಳಿದರು. ಇದ್ದೀತು. ಆದರೆ ಅದೇ ತಗಡು ಮುಂದೆಯೂ ಬಹಳ ವರ್ಷ ಅಲ್ಲಿಯೇ ಇತ್ತು, ಬಿಸಿಲೂ ಅದೇ ಇತ್ತು. ಶಬ್ದ ಮಾತ್ರ ಮತ್ತೆ ಬರಲಿಲ್ಲ. ಈಗ ನನಗೆ ಎಂಬತ್ತರ ಹತ್ತಿರ. ಆ ಗಾಲಿಗಿಂತ, ಆ ಗೆರೆಗಿಂತ ಇವತ್ತಿಗೂ ನನ್ನನ್ನು ಹೆಚ್ಚು ಹೆದರಿಸುವುದು ಬೇರೆ. ಒಂದೇ ಒಲೆಯ ಅನ್ನ ಉಣ್ಣುತ್ತಿದ್ದ ಇಬ್ಬರು ಹೆಂಗಸರು ಐದು ವರ್ಷ ಸಂಜೆಯಾದರೆ ಸಾಕು ಉಸಿರು ಹಿಡಿದು ಕೂರುತ್ತಿದ್ದೆವು. ನಿನಗೂ ಕೇಳಿತೇನ ಎಂದು ಒಬ್ಬಳಾದರೂ ಇನ್ನೊಬ್ಬಳನ್ನು ಕೇಳಲಿಲ್ಲ.