ಸೈಫುದ್ದೀನನ ಮೂಗು

ಬಣ್ಣ ಹೊಡೆಯುವವನು ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆ ಧೂಳು ತಡೆಯುತ್ತದೆ, ಬಣ್ಣ ತೆಳುಮಾಡುವ ಥಿನ್ನರಿನ ಆವಿ ತಡೆಯುವುದಿಲ್ಲ. ಇದು ತಿಳಿಯಲು ಡಾಕ್ಟರಿಕೆ ಓದಬೇಕಿಲ್ಲ. ಅತ್ತರು ಹಚ್ಚಿಕೊಂಡವನ ಪಕ್ಕ ಮೂಗಿಗೆ ದಸ್ತಿ, ಅದೇ ಕರವಸ್ತ್ರ, ಹಿಡಿದು ನಿಲ್ಲಿ. ವಾಸನೆ ಬರುತ್ತದೋ ಇಲ್ಲವೋ ನೀವೇ ಹೇಳಿ.

ಹುಮನಾಬಾದಿನಿಂದ ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡ ಸೈಫುದ್ದೀನನಿಗೆ ಈಗ ನಲವತ್ತನಾಲ್ಕು ವರ್ಷ. ಅವನ ಅಜ್ಜ ಊರೂರು ತಿರುಗಿ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವ. ಕಾದ ಪಾತ್ರೆಗೆ ನವಸಾಗರ ಬಿದ್ದಾಗ ಏಳುವ ಹೊಗೆಯ ಘಾಟು ಮೂಸಿಯೇ ತವರ ಹಚ್ಚುವ ಹೊತ್ತಾಯಿತು ಎನ್ನುತ್ತಿದ್ದ. "ಕಣ್ಣು ಸುಳ್ಳು ಹೇಳ್ತದ, ಮೂಗು ಹೇಳಂಗಿಲ್ಲ" ಎಂಬುದು ಆ ಮನೆಯ ಮಾತು. ಮೊಮ್ಮಗ ಬಸವಕಲ್ಯಾಣದ ಆಟೋನಗರದಲ್ಲಿ ಹತ್ತು ವರ್ಷ ಲಾರಿಯ ಬಾಡಿಗಳಿಗೆ ಬಣ್ಣ ಹೊಡೆದು, ಆಮೇಲೆ ಮೋಟಾರ್‌ಸೈಕಲ್ಲಿಗೆ ಇಳಿದ. ಅಜ್ಜನ ಮಾತನ್ನೂ ಜೊತೆಗೇ ತಂದ. ಬಣ್ಣಕ್ಕೆ ಥಿನ್ನರ್ ಎಷ್ಟು, ಅದನ್ನು ಗಟ್ಟಿ ಮಾಡುವ ಹಾರ್ಡನರ್ ಎಷ್ಟು, ಎಲ್ಲಾ ಮೂಗಿನ ಲೆಕ್ಕ. ಅಳತೆಯ ಲೋಟ ಅವನ ಶೆಡ್ಡಿನಲ್ಲಿ ಚಹಾ ಕುಡಿಯಲು ಮಾತ್ರ ಇತ್ತು.

ಅವನ ಕೈಗುಣ ಸುಳ್ಳಲ್ಲ. ಟ್ಯಾಂಕಿನ ಹಳೆ ಬಣ್ಣ ಕೆರೆದು, ತಗಡನ್ನು ಬೆಳ್ಳಿಯಂತೆ ಉಜ್ಜಿ, ಮೇಲೆ ತಿಳಿಯಾದ ತಾಮ್ರದ ಬಣ್ಣ ಹಾಯಿಸುತ್ತಿದ್ದ. ಬಿಸಿಲಿಗೆ ಹಿಡಿದರೆ ಹುಣಸೆಹಣ್ಣು ಹಚ್ಚಿ ಬೆಳಗಿದ ಕೊಡದಂತೆ ಉರಿಯುತ್ತಿತ್ತು. ಬೇಮಳಖೇಡದಿಂದ, ಬೀದರಿನಿಂದ ಗಾಡಿ ತರುವವರಿದ್ದರು.

ಬಸವಣಪ್ಪನೂ ತಂದ. ಹುಮನಾಬಾದಿನ ಧಾನ್ಯದ ಬಜಾರಿನಲ್ಲಿ ಅಡತಿ ಅಂಗಡಿ ಇಟ್ಟವನು. ಮಗಳು ಶೀತಲ್‌ಳ ನಿಶ್ಚಿತಾರ್ಥ ಭಾನುವಾರ, ತನ್ನ ಹಳೆ ಬುಲೆಟ್ಟನ್ನು ಹೊಸದು ಮಾಡಿಸಿ ಅಳಿಯನಿಗೆ ಕೊಡುವ ಆಸೆ. ಬಣ್ಣ ಒಣಗಿತೇ ಎಂದು ನೋಡಲು ಸೋಮವಾರ ಬಂದು ಟ್ಯಾಂಕಿನ ಮೇಲೆ ಬೆರಳಿಟ್ಟ. ಬೆರಳು ಅಂಟಿತು. ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಳಿ ಬಿದ್ದಿತ್ತು.

"ಸೈಫುಭಾಯಿ, ಇದೇನೋ? ಬಣ್ಣಾನೋ ಬೆಲ್ಲದ ಪಾಕಾನೋ?" ಬಸವಣಪ್ಪ ಬೆರಳು ಮೂಸಿದ. "ಅರೆ, ಇದರಾಗ ಡೀಸೆಲ್ ನಾರಾಕತ್ತದಲ್ಲೋ!"

"ಡೀಸೆಲ್ ಎಲ್ಲಿಂದ ಬರ್ತದ್ರಿ ಸಾವ್ಕಾರ್ರ? ಥಿನ್ನರ್ ಹಾಕೀನಿ."

"ಮೂಸಿ ನೋಡು."

ಸೈಫುದ್ದೀನ ಟ್ಯಾಂಕಿಗೆ ಮೂಗು ತಾಗುವಷ್ಟು ಬಗ್ಗಿದ. ಏನೂ ಇಲ್ಲ. ಮೂಲೆಯಲ್ಲಿದ್ದ ಎರಡು ಡಬ್ಬಿ ತಂದ. ಒಂದು ಥಿನ್ನರಿನದು, ಇನ್ನೊಂದು ಕೈ ತೊಳೆಯುವ ಡೀಸೆಲ್ಲಿನದು. ಎರಡನ್ನೂ ಮೂಸಿದ. ಎರಡೂ ನೀರಿನ ಹಾಗೆ.

"ನೆಗಡಿ ಆಗ್ಯದ್ರಿ," ಎಂದ.

"ಮೂಗಿಗೊಂದು ಬಟ್ಟಿ ಕಟ್ಟಿಕೋ ಮಾರಾಯ," ಎಂದು ಬಸವಣಪ್ಪ ನಕ್ಕ. "ಐತವಾರದೊಳಗ ಆಗಬೇಕು ನೋಡು."

ನೆಗಡಿ ಇರಲಿಲ್ಲ. ಮನೆಗೆ ಹೋಗಿ ಹೆಂಡತಿ ಗೌಹರಳಿಗೆ ಹೇಳಿದ. ಅವಳಿಗೆ ಹೊತ್ತಿದ ಹಾಲು ನೆನಪಾಯಿತು. ಎರಡು ತಿಂಗಳಲ್ಲಿ ಅವನು ಮೂರು ಸಲ ಹೊತ್ತಿಸಿದ್ದ. ಪಕ್ಕದಲ್ಲೇ ಕೂತು ಮೊಬೈಲು ನೋಡುತ್ತಿದ್ದ ಎಂದು ಮೂರು ಸಲವೂ ಬೈದಿದ್ದಳು.

"ಕಣ್ಣು ಮುಚ್ಚರಿ," ಎಂದಳು. ಮೂಗಿನ ಹತ್ತಿರ ಏನೋ ಹಿಡಿದಳು. "ಇದೇನದ?"

"ಉಳ್ಳಾಗಡ್ಡಿ."

"ಇದು?"

"ಅದೂ ಉಳ್ಳಾಗಡ್ಡಿನೇ. ನಿನ್ನ ಅಡಗಿ ಮನ್ಯಾಗ ಬ್ಯಾರೆ ಏನದ?"

ಗೌಹರ ನಗಲಿಲ್ಲ. ಅವನು ಕಣ್ಣು ತೆರೆದಾಗ ಅವಳ ಒಂದು ಕೈಯಲ್ಲಿ ಈರುಳ್ಳಿಯಲ್ಲ, ಬೆಳ್ಳುಳ್ಳಿ; ಇನ್ನೊಂದರಲ್ಲಿ ಅವರ ಮದುವೆಯ ಅತ್ತರಿನ ಸೀಸೆ.

ಮರುದಿನ ಡಾಕ್ಟರು ಎದೆಯ ಮೇಲೆ ಯಂತ್ರವಿಟ್ಟು ಬಹಳ ಹೊತ್ತು ಕೇಳಿದರು. ರಾತ್ರಿ ಕೆಮ್ಮು ಎಷ್ಟು ದಿನದಿಂದ ಎಂದರು. "ಮೂಗು ತಿರುಗಿ ಬಂದರೂ ಬರಬಹುದು, ಬರದೇನೂ ಇರಬಹುದು. ಎದಿ ಹೋದರ ಮಾತ್ರ ಬರಂಗಿಲ್ಲ. ಆವಿ ಹಿಡಿಯೋ ಡಬ್ಬಿ ಇರೋ ಮಾಸ್ಕ್ ಬೇಕು, ಗಾಳಿ ಹೊರಗ ಎಳೆಯೋ ಫ್ಯಾನ್ ಬೇಕು. ಅಲ್ಲೀತನಕ ಬಣ್ಣ ಹೊಡಿಯೋ ಗನ್ನು ಮುಟ್ಟಬ್ಯಾಡ."

ಹಾರ್ಡ್‌ವೇರ್ ಅಂಗಡಿಯಲ್ಲಿ ಮಾಸ್ಕ್ ಕೇಳಿದರೆ ಕೊರೋನಾ ಕಾಲದ್ದನ್ನು ಕೊಟ್ಟರು. ಊರಿನ ಪಕ್ಕದಲ್ಲೇ ಕೆಮಿಕಲ್ ಕಾರ್ಖಾನೆಗಳ ಸಾಲು ಇದೆ. ಅವುಗಳಲ್ಲೊಂದರಲ್ಲಿ ದುಡಿಯುವ ಗೆಳೆಯ ಯುನೂಸ್ ಬೆರಗಾದ: "ನಾವು ಒಂದು ಬ್ಯಾರಲ್ ತೆರಿಯಾಕೂ ಡಬ್ಬಿ ಮಾಸ್ಕ್ ಹಾಕೋತೀವಿ. ನೀ ಇಪ್ಪತ್ತು ವರ್ಷ ಬರೇ ದಸ್ತಿ ಮ್ಯಾಲೆ ನಡಿಸೀ ಏನು?" ಕಲಬುರಗಿಯಿಂದ ಎರಡು ಡಬ್ಬಿಯ ಮಾಸ್ಕ್ ತರಿಸಿಕೊಟ್ಟವನು ಅವನೇ.

ಗುರುವಾರ ಸೈಫುದ್ದೀನ ಅದನ್ನು ಹಾಕಿಕೊಂಡು, ಕೆಟ್ಟ ಬಣ್ಣ ಕೆರೆಯುತ್ತಿದ್ದಾಗ ಬಸವಣಪ್ಪ ಬಂದ.

"ಯಪ್ಪಾ! ಆನಿ ಸೊಂಡಿ ಹಚ್ಚಿಕೊಂಡೀಯೇನೋ?"

ಸೈಫುದ್ದೀನ ಮಾಸ್ಕ್ ಕೆಳಗಿಳಿಸಿದ. "ಸಾವ್ಕಾರ್ರ, ಶೆಡ್ಡಿಗೆ ಫ್ಯಾನ್ ಕೂಡಿಸಾಕತ್ತೀನಿ. ಮಿಸ್ತ್ರಿ ಸೋಮವಾರ ಬರ್ತಾನ. ಮುಂದಿನ ಗುರುವಾರ ಗಾಡಿ ಕೊಡ್ತೀನಿ. ನನ್ನ ತಪ್ಪಿಗೆ ಕೂಲಿ ಬ್ಯಾಡ."

"ಕೂಲಿ ಯಾರು ಕೇಳಿದರು? ಐತವಾರ ಬೀಗರು ಬರ್ತಾರ. ಒಂದು ಸಲ ಹೊಡಿಯಾಕ ಫ್ಯಾನ್ ಯಾಕ? ಬಾಗಲ ತಗದ ಹೊಡಿ."

"ಡಾಕ್ಟರ್ ಬ್ಯಾಡ ಅಂದಾರ್ರಿ."

"ಡಾಕ್ಟರ್ ಎಲ್ಲಾರಿಗೂ ಬ್ಯಾಡಾನೇ ಅಂತಾರ. ನನಗ ಸಕ್ಕರಿ ಬ್ಯಾಡ ಅಂದಾರ, ನಾ ಬಿಟ್ಟೀನೇನು?"

ಸೈಫುದ್ದೀನ ಗನ್ನಿನ ಕಡೆ ನೋಡಿದ. ಅರ್ಧ ತಾಸಿನ ಕೆಲಸ. ಇಲ್ಲವೆಂದರೆ ಈ ಗಿರಾಕಿ ಹೋದ, ಅವನ ಹಿಂದೆ ಬಜಾರಿನ ಇನ್ನಷ್ಟು ಗಾಡಿಗಳೂ ಹೋದವು. ಗೌಹರಳ ಕೈಯಲ್ಲಿದ್ದ ಸೀಸೆ ನೆನಪಾಯಿತು.

"ಆಗಂಗಿಲ್ರಿ," ಎಂದ.

ಬಸವಣಪ್ಪ ಕೆಟ್ಟವನಲ್ಲ, ಜಗಳಾಡಲಿಲ್ಲ. ಗಾಡಿಯನ್ನೂ ಬೆತ್ತಲೆ ಟ್ಯಾಂಕನ್ನೂ ಟೆಂಪೋದಲ್ಲಿ ಹೇರಿಸಿ ಬಸವಕಲ್ಯಾಣಕ್ಕೆ ಒಯ್ದ. ಕೊಟ್ಟಿದ್ದು ಪಂಡರಿಯ ಕೈಗೆ. ಆಟೋನಗರದಲ್ಲಿ ಸೈಫುದ್ದೀನನ ಜೊತೆ ಒಂದೇ ಲಾರಿಯ ಎರಡು ಬದಿ ಬಣ್ಣ ಹೊಡೆದ ಪಂಡರಿ.

ಶುಕ್ರವಾರ ಮಧ್ಯಾಹ್ನ ಸೈಫುದ್ದೀನ ಅವನಿಗೆ ಫೋನು ಮಾಡಿದ.

"ಯಾಕೋ, ನಿನ್ನ ಗಿರಾಕಿ ಕಸಗೊಂಡೀನಿ ಅಂತ ಸಿಟ್ಟೇನೋ?" ಪಂಡರಿ ಕೆಮ್ಮುತ್ತ ನಕ್ಕ.

"ಇಲ್ಲ. ಮುಖಕ್ಕ ಏನು ಕಟ್ಟಿ?"

"ದಸ್ತಿ. ಮತ್ತೇನು ಮದುವಿ ಬಾಸಿಂಗ ಕಟ್ಟಲಿ?"

"ಊಟ ಮಾಡಿ?"

"ಈಗ ಕುಂತೀನಿ. ಸುಮನಬಾಯಿ ಡಬ್ಬಿ ಕಟ್ಟ್ಯಾಳ."

"ಮುಚ್ಚಳ ತಗಿ. ಕಣ್ಣು ಮುಚ್ಚಿ ಮೂಸಿ ಹೇಳು, ಹೆಂಡತಿ ಏನು ಕೊಟ್ಟಾಳ?"

"ಹುಚ್ಚಾ," ಎಂದ ಪಂಡರಿ. ಮುಚ್ಚಳ ತೆಗೆದ ಸದ್ದು ಕೇಳಿಸಿತು. ಆಮೇಲೆ ಲಾರಿಯೊಂದರ ಹಾರ್ನು, ಯಾರೋ ಸುತ್ತಿಗೆ ಬಡಿಯುವುದು. ಪಂಡರಿ ಮೂಸುವುದು ಕೇಳಿಸಿತು, ಒಂದು ಸಲ, ಇನ್ನೊಂದು ಸಲ, ಮತ್ತೂ ಒಂದು ಸಲ. ಸೈಫುದ್ದೀನ ಫೋನು ಕಿವಿಗೊತ್ತಿ ಕಾದ.

"ನಾಳಿಗಿ ಕೊಡಬೇಕೋ ಗಾಡಿ," ಎಂದ ಪಂಡರಿ ಕೊನೆಗೆ, ಸಣ್ಣ ದನಿಯಲ್ಲಿ. ಫೋನು ಇಟ್ಟ.

ಶನಿವಾರ ಗಾಡಿ ಬಂತು. ಭಾನುವಾರ ಬೀಗರು ತಾಮ್ರದ ಟ್ಯಾಂಕಿನಲ್ಲಿ ಮುಖ ನೋಡಿಕೊಂಡು ಹೊಗಳಿದರು. ಫೋಟೋಗಳೂ ಆದವು. ಸೈಫುದ್ದೀನ ಈಗ ಫ್ಯಾನಿನ ಕೆಳಗೆ ಅಳತೆ ಲೋಟ ಹಿಡಿದು ಕೆಲಸ ಮಾಡುತ್ತಾನೆ. ಬರುವ ಗಾಡಿಗಳು ಅರ್ಧಕ್ಕೆ ಇಳಿದಿವೆ, ತಡ ಮಾಡುತ್ತಾನೆಂಬ ಹೆಸರು ಬಂದಿದೆ.

ಆ ಬೀಗರು ನೀವೇ. ಬಸವಣಪ್ಪನೂ ನೀವೇ. ನಾಳೆ ನಿಮ್ಮ ಗಾಡಿ ಶೆಡ್ಡಿಗೆ ಒಯ್ಯುತ್ತೀರಿ. ಕೀಲಿ ಕೊಡುವ ಮುಂಚೆ ಬಣ್ಣದವನ ಮುಖ ನೋಡಿ. ಅಲ್ಲಿ ದಸ್ತಿ ಇದ್ದರೆ ಕೀಲಿ ಕೈಯಲ್ಲೇ ಹಿಡಿದುಕೊಂಡು ಹೇಳಿ: "ಮಾಸ್ಕ್ ತರಿಸು, ಫ್ಯಾನ್ ಕೂಡಿಸು, ಅದರ ಖರ್ಚು ನನ್ನ ಬಿಲ್ಲಿಗೂ ಹಚ್ಚು. ಒಂದು ವಾರ ತಡ ಆಗಲಿ, ನಾ ಕಾಯ್ತೀನಿ."