ಲೊಸಾಲಿನಿ ಎಣಿಸಿದ ಮುರುಮೀನು

ಲೊಸಾಲಿನಿ ನನ್ನ ಸೋದರತ್ತೆಯ ಮಗಳು. ಕಂಡಾವು ದ್ವೀಪದ ನಮ್ಮೂರಿನಲ್ಲಿ ಅತ್ತೆ ಮಗಳನ್ನು ಗೇಲಿ ಮಾಡದಿದ್ದರೆ ಅವಳಿಗೇ ಬೇಜಾರು. ಹಾಗಾಗಿ ಇದನ್ನು ಹೇಳುವ ಹಕ್ಕು ನನಗಿದೆ.

ಹದಿನೆಂಟು ವರ್ಷದ ಹಿಂದೆ ಮೀನು ಬರಿದಾದಾಗ ಹಿರಿಯರು ಊರ ಮುಂದಿನ ಹವಳದ ದಿಬ್ಬಕ್ಕೆ ತಬು ಹಾಕಿದರು. ಅಂದಿನಿಂದ ಅಲ್ಲಿ ಗಾಳವಿಲ್ಲ, ಬಲೆಯಿಲ್ಲ. ವರ್ಷಕ್ಕೊಮ್ಮೆ ಲೊಸಾಲಿನಿ ನೀರಿನೊಳಗೆ ಹಗ್ಗ ಎಳೆದು, ಗಂಟಿನಿಂದ ಗಂಟಿಗೆ ಈಜುತ್ತ ಮುರುಮೀನು ಎಣಿಸುತ್ತಾಳೆ. ಐವತ್ತು ದಾಟಿದರೆ ಒಂದು ದಿನ ತಬು ತೆಗೆಯುವುದೆಂದು ಮಾತಾಗಿತ್ತು. ವರ್ಷ ವರ್ಷ ಸಂಖ್ಯೆ ಏರಿದಂತೆ ಅವಳಿಗೆ ಕೊಂಬೂ ಬೆಳೆಯಿತು.

ಈ ಸಲ ಐವತ್ತನಾಲ್ಕು! ಮೈ ಒರೆಸಿಕೊಳ್ಳುವ ಮೊದಲೇ ಊರಿಗೆಲ್ಲ ಸಾರಿದಳು. ಹೊಸ ಚರ್ಚಿನ ಔತಣಕ್ಕೆ ನಾಲ್ಕೇ ದಿನ ಬಾಕಿ. ಗಂಡಸರೆಲ್ಲ ಈಟಿ ಮಸೆದರು. ನಾನೂ ಮಸೆದೆ.

ಮರುದಿನ, "ತೋರ್ಸು ನಿನ್ನ ದಂಡನ್ನ" ಎಂದು ಅವಳ ಜೊತೆ ನೀರಿಗಿಳಿದೆ. ಅವಳ ಸೊಂಟದಲ್ಲೊಂದು ಚೀಲ. ನಾವು ಯಾರ ಮನೆಗೂ ಬರಿಗೈಯಲ್ಲಿ ಹೋಗುವವರಲ್ಲ. ಇವಳು ಮೀನಿನ ಮನೆಗೂ ಹಾಗೆ ಹೋಗುತ್ತಿರಲಿಲ್ಲ. ಪ್ರತಿ ಗಂಟಿನಲ್ಲೂ ಚಿಪ್ಪಿನ ಮಾಂಸದ ಕಾಣಿಕೆ. ರೆಕ್ಕೆ ಹರಿದ ಮುರುವೊಂದು ಮೊದಲ ಗಂಟಿನಲ್ಲಿ ತಿಂದಿತು, ಎರಡನೆಯದರಲ್ಲಿ ತಿಂದಿತು, ಹತ್ತನೆಯದಕ್ಕೂ ಹಾಜರಾಯಿತು. ಹಿಂದೆ ಅದರ ಬಳಗ.

ದೋಣಿ ಹತ್ತಿದ ಮೇಲೆ ನಕ್ಕು ನಕ್ಕು ನನಗೆ ಉಸಿರೇ ಸಿಗಲಿಲ್ಲ. "ಲೇ, ಒಂದನ್ನೇ ಹತ್ತು ಸಲ ಎಣಿಸಿದ್ದೀಯಲ್ಲೇ!"

"ಸುಮ್ನಿರೋ ಗೂಬೆ." ಅವಳ ಮುಖ ಸಪ್ಪಗಾಗಿತ್ತು. ಚೀಲ ನನ್ನ ಕೈಗೆ ತುರುಕಿ, ಮತ್ತೆ ಇಳಿದು ಎಣಿಸಿ ಬಂದಳು. ಹತ್ತೊಂಬತ್ತು. "ಹೇಳಿದ್ರೆ ನನ್ನ ಹೆಸರು ಮಣ್ಣುಪಾಲು. ಹೇಳ್ದಿದ್ರೆ ಇವುಗಳ ಕಥೆ ಮುಗೀತು."

ಸಂಜೆ ಎಲ್ಲರೂ ಯಂಗೋನ ಕುಡಿಯಲು ಕೂತಾಗ ಅವಳು ಹೇಳಿಯೇಬಿಟ್ಟಳು. ಮಾಡು ಹಾರಿಹೋಗುವಂಥ ನಗು. ಊರ ದೊರೆ ರತು ಲಿವಾಯಿ ಮಾತ್ರ ನಗಲಿಲ್ಲ.

"ಹದಿನೆಂಟು ವರ್ಷ ಕಾದಿದ್ದಕ್ಕೆ ಬರೀ ಹತ್ತೊಂಬತ್ತೇನಮ್ಮ? ಹೋಗ್ಲಿ ಬಿಡು, ಅಷ್ಟನ್ನೇ ಹಿಡಿಯೋಣ."

"ಮೊದಲೆಲ್ಲ ನಮ್ಮ ನೆರಳು ಕಂಡ್ರೆ ಓಡ್ತಿದ್ವು, ದೊರೆ. ಈಗ ಕೈಗೇ ಬಾಯಿ ಹಾಕ್ತಾವೆ. ಈಟಿ ಹಿಡ್ಕೊಂಡು ಹೋದ್ರೂ ಹಂಗೇ ಹತ್ತಿರ ಬರ್ತಾವೆ."

ನಗು ನಿಂತಿತು. ಮಸೆದಿಟ್ಟ ಈಟಿ ನೆನಪಾಗಿ ನನಗೆ ನಾಚಿಕೆಯಾಯಿತು. ರತು ಬಟ್ಟಲು ಕೆಳಗಿಟ್ಟು, "ಡಬ್ಬದ ಮೀನು ತರಿಸ್ರಪ್ಪ" ಎಂದರು.

ಔತಣದ ದಿನ ಮರಗೆಣಸಿನ ಜೊತೆ ಡಬ್ಬದ ಮೀನು ನುಂಗುತ್ತ ಊರಿಗೆ ಊರೇ ಲೊಸಾಲಿನಿಯನ್ನು ಬೈದಿತು. ಅವಳು ಎರಡು ಸಲ ಬಡಿಸಿಕೊಂಡು ತಿಂದಳು.